ಹೊಸ್ತಿಲು ದಾಟುವ ಕತೆಗಳು

ಅಕ್ಟೋಬರ್ ಬಂತೆಂದರೆ ನಮ್ಮ ಮನೆಯ ಶನಿವಾರಕ್ಕೆ ಒಂದು ಕ್ರಮ ಇರುತ್ತದೆ. ಮಧ್ಯಾಹ್ನ ಮೂರೂವರೆಗೆ ನೋಟರ್ ಡೇಮ್ ವಿಶ್ವವಿದ್ಯಾಲಯದ ಅಮೆರಿಕನ್ ಫುಟ್‌ಬಾಲ್. ಹಾಫ್‌ಟೈಮಿನಲ್ಲಿ ಒಂದು ಪುರಾತನ ಕತೆ. ರಾತ್ರಿ ದೀಪ ಆರಿಸಿ, ಕಪ್ಪು-ಬಿಳುಪಿನ ಹಾರರ್ ಸಿನಿಮಾ. ಆಟವೇ ರಾತ್ರಿಯಿದ್ದರೆ ಸಿನಿಮಾ ಭಾನುವಾರಕ್ಕೆ ಹೋಗುತ್ತದೆ, ಕತೆ ಮಾತ್ರ ತಪ್ಪುವುದಿಲ್ಲ. ತೀರ್ಥಹಳ್ಳಿ ಕಡೆಯ ನಾನು ಅಮೆರಿಕದ ಇಂಡಿಯಾನಾದ ಸೌತ್ ಬೆಂಡ್‌ಗೆ ಬಂದು 11 ವರ್ಷವಾಯಿತು. ಈ ಮೂರನ್ನು ಒಂದೇ ದಿನಕ್ಕೆ ಹೊಂದಿಸಲು ಅದರಲ್ಲಿ ಅರ್ಧ ಕಾಲ ಹಿಡಿಯಿತು.

ಮೊದಲ ವರ್ಷ ಆಟ ತಲೆಗೇ ಹತ್ತಲಿಲ್ಲ. ಒಬ್ಬರ ಮೇಲೊಬ್ಬರು ಬೀಳುತ್ತಾರೆ, ಸೀಟಿ ಊದುತ್ತಾರೆ, ಎದ್ದು ಮತ್ತೆ ಸಾಲಾಗಿ ನಿಲ್ಲುತ್ತಾರೆ. ಪಕ್ಕದ ಮನೆಯ ಹಿರಿಯರೊಬ್ಬರು ಒಂದೇ ಮಾತಿನಲ್ಲಿ ಬಿಡಿಸಿ ಹೇಳಿದರು: ಚೆಂಡನ್ನು ಹುಡುಕಬೇಡ, ಗೆರೆ ನೋಡು. ನಾಲ್ಕು ಅವಕಾಶದಲ್ಲಿ 10 ಗಜ ಮುಂದೆ ಹೋಗಬೇಕು. ಹೋದರೆ ಮತ್ತೆ ನಾಲ್ಕು ಅವಕಾಶ. ಕೊನೆಯ ಗೆರೆ ದಾಟಿದರೆ 6 ಅಂಕ. ಕಬಡ್ಡಿ ಆಡಿ ಬೆಳೆದವನಿಗೆ ಗೆರೆಯ ಬೆಲೆ ಹೇಳಿಕೊಡಬೇಕೇ? ಅಲ್ಲಿಂದ ಆಟ ನನ್ನದಾಯಿತು.

ಆಟಕ್ಕೆ ಕತೆ ಸೇರಿದ್ದು ಒಂದು ಹಳೆಯ ಫೋಟೋದಿಂದ. ನಾಲ್ವರು ಹುಡುಗರು ಆಟದ ಬಟ್ಟೆಯಲ್ಲೇ, ಕಂಕುಳಲ್ಲಿ ಚೆಂಡು ಇಟ್ಟುಕೊಂಡು ಕುದುರೆ ಏರಿ ಕೂತಿದ್ದಾರೆ. 1924ರ ಅಕ್ಟೋಬರ್ 18ರಂದು ನ್ಯೂಯಾರ್ಕಿನ ಪೋಲೋ ಗ್ರೌಂಡ್ಸ್‌ನಲ್ಲಿ ನೋಟರ್ ಡೇಮ್ ತಂಡ ಆರ್ಮಿ ತಂಡವನ್ನು 13-7ರಿಂದ ಸೋಲಿಸಿತು. ಅದರ ವರದಿ ಬರೆದ ಗ್ರ್ಯಾಂಟ್‌ಲ್ಯಾಂಡ್ ರೈಸ್, ಗೆದ್ದ ತಂಡದ ಸ್ಟುಲ್‌ಡ್ರೆಹರ್, ಮಿಲ್ಲರ್, ಕ್ರೌಲಿ, ಲೇಡನ್ ಅವರನ್ನು ಬೈಬಲ್ಲಿನ ಕೊನೆಯ ಪುಸ್ತಕದಲ್ಲಿ ಬರುವ ನಾಲ್ವರು ಸವಾರರಿಗೆ ಹೋಲಿಸಿದರು. ಲೋಕದ ಕೊನೆಗಾಲದಲ್ಲಿ ಯುದ್ಧ, ಬರ, ಸಾವು ತರುವ ಸವಾರರು ಅವರು. ಆ ಹೋಲಿಕೆಗೆ ದಾರಿಯಾದವನು ಜಾರ್ಜ್ ಸ್ಟ್ರಿಕ್ಲರ್ ಎಂಬ ವಿದ್ಯಾರ್ಥಿ. ತಂಡದ ಪ್ರಚಾರದ ಕೆಲಸ ನೋಡಿಕೊಳ್ಳುತ್ತಿದ್ದ ಅವನು, ಆ ಸವಾರರ ಹೆಸರಿನಲ್ಲೇ 1921ರಲ್ಲಿ ಬಂದಿದ್ದ ಮೂಕಿ ಚಿತ್ರ ನೋಡಿದ್ದ. ಹಾಫ್‌ಟೈಮಿನಲ್ಲಿ ಪತ್ರಕರ್ತರ ನಡುವೆ ನಿಂತು ಅದರ ಮಾತು ತೆಗೆದ. ಆಮೇಲೆ ಕುದುರೆ ತರಿಸಿ ಫೋಟೋ ತೆಗೆಸಿದವನೂ ಅವನೇ.

ಇದನ್ನು ಓದಿದ ದಿನ ನನಗೆ ನಿದ್ದೆ ಬರಲಿಲ್ಲ. ಒಂದು ಪುರಾತನ ಕತೆ, ಒಂದು ಹಳೆಯ ಸಿನಿಮಾ, ಒಂದು ಆಟ, ಮೂರೂ ಒಂದೇ ಮಾತಿನಲ್ಲಿ! ಕಾಲೇಜು ಆಟದ ಹಾಫ್‌ಟೈಮ್ 20 ನಿಮಿಷ. ಒಂದು ಕತೆಗೆ ಅಷ್ಟು ಸಾಕು. ಮುಂದಿನ ಶನಿವಾರದಿಂದಲೇ ಮಗಳಿಗೂ ಅವಳ ಗೆಳತಿಯರಿಗೂ ಕತೆ ಹೇಳಲು ಶುರು ಮಾಡಿದೆ. ಯಾವ ಕತೆ ಎನ್ನುವುದನ್ನು ಎದುರಾಳಿ ತಂಡದ ಹೆಸರು ತೀರ್ಮಾನಿಸುತ್ತದೆ. ಸ್ಪಾರ್ಟನ್ಸ್ ಎಂಬ ಅಡ್ಡಹೆಸರಿನ ಮಿಷಿಗನ್ ಸ್ಟೇಟ್ ಬಂದರೆ ಸ್ಪಾರ್ಟನ್ನರ ಕತೆ. ನೇವಿ ಬಂದರೆ ದಡ ಸೇರಲಾಗದೆ ಸದಾ ಸುತ್ತುವ ಭೂತದ ಹಡಗಿನ ಕತೆ. ಕ್ಯಾಲಿಫೋರ್ನಿಯಾದ ಯುಎಸ್‌ಸಿ ಬಂದರೆ ಟ್ರಾಯ್ ನಗರದ ಕತೆ, ಏಕೆಂದರೆ ಅವರ ಅಡ್ಡಹೆಸರು ಟ್ರೋಜನ್ಸ್, ಅಂದರೆ ಟ್ರಾಯ್‌ನವರು. ನೋಟರ್ ಡೇಮ್‌ಗೂ ಅವರಿಗೂ ಹಣಾಹಣಿ ಶುರುವಾದದ್ದು 1926ರಲ್ಲಿ.

ಸಿನಿಮಾದ ವಿಷಯದಲ್ಲಿ ಮಾತ್ರ ಮೊದಲು ಪೂರ್ತಿ ಸೋತೆ. 1931ರ 'ಡ್ರಾಕುಲಾ' ಹಾಕಿದೆ. ಹತ್ತು ನಿಮಿಷಕ್ಕೆ ಮಕ್ಕಳ ಕೈಗೆ ಫೋನ್ ಬಂತು. ಬೇಜಾರಾಯಿತು. ಮರುದಿನ ಒಬ್ಬನೇ ಕೂತು ಮತ್ತೆ ನೋಡಿದೆ. ಆ ಚಿತ್ರದಲ್ಲಿ ಹಿನ್ನೆಲೆ ಸಂಗೀತ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಈಗಿನ ಸಿನಿಮಾದಲ್ಲಿ ಸಂಗೀತವೇ ಈಗ ಹೆದರಿಕೋ ಎಂದು ಹೇಳಿಬಿಡುತ್ತದೆ. ಇಲ್ಲಿ ಬರೀ ಮೌನ. ಆ ಮೌನಕ್ಕೆ ಕಿವಿ ಹೊಂದಿಕೊಳ್ಳಬೇಕು. ಕೋಣೆಯಲ್ಲಿ ಒಂದು ದೀಪ ಉರಿಯುತ್ತಿದ್ದರೂ ಅದು ಆಗುವುದಿಲ್ಲ.

ಅಂದಿನಿಂದ ಫೋನುಗಳೆಲ್ಲ ಅಡುಗೆಮನೆಯ ಬುಟ್ಟಿಗೆ. ದೀಪ ಪೂರ್ತಿ ಬಂದ್. ಶುರುವಿನಲ್ಲೇ ಒಂದು ಕೆಲಸ ಕೊಡುತ್ತೇನೆ: ಏನು ತೋರಿಸುತ್ತಿಲ್ಲ ಅಂತ ಗಮನಿಸಿ. ನಟ ಬೇಲಾ ಲುಗೋಸಿಯ ಡ್ರಾಕುಲಾಗೆ ಕೋರೆಹಲ್ಲು ಕಾಣುವುದೇ ಇಲ್ಲ. ಕಚ್ಚುವುದನ್ನೂ ತೋರಿಸುವುದಿಲ್ಲ. ಮಕ್ಕಳು ಕಾಣದ್ದನ್ನು ಹುಡುಕುತ್ತಾ ಹತ್ತಿರ ಹತ್ತಿರ ಸರಿದು ಕೂರುತ್ತಾರೆ. ನಮ್ಮಜ್ಜಿಯೂ ಕೊಳ್ಳಿದೆವ್ವದ ಮುಖ ಹೇಗಿತ್ತು ಅಂತ ಒಮ್ಮೆಯೂ ಹೇಳಿದವಳಲ್ಲ. ಗದ್ದೆ ಬದುವಿನ ಮೇಲೆ ಬೆಂಕಿ ನಡೆದು ಹೋಯಿತು, ಅಷ್ಟೇ. ಆ ಬೆಂಕಿ ಇವತ್ತಿಗೂ ನನ್ನ ಕಣ್ಣ ಮುಂದೆ ಇದೆ.

ಹೊಸದಾಗಿ ಶುರು ಮಾಡುವವರಿಗೆ 1931ರದೇ 'ಫ್ರಾಂಕನ್‌ಸ್ಟೈನ್' ಒಳ್ಳೆಯದು. ಸುಮಾರು 70 ನಿಮಿಷದ ಚಿತ್ರ, ಮಕ್ಕಳು ಸುಸ್ತಾಗುವುದಿಲ್ಲ. ಜ್ಯಾಕ್ ಪಿಯರ್ಸ್ ಗಂಟೆಗಟ್ಟಲೆ ಕೂತು ಮಾಡುತ್ತಿದ್ದ ಆ ಮೇಕಪ್ಪಿನ ಹಿಂದಿನ ನಟ, ದೈತ್ಯನ ಪಾತ್ರದ ಬೋರಿಸ್ ಕಾರ್ಲಾಫ್ ಲಂಡನ್ನಿನಲ್ಲಿ ಹುಟ್ಟಿದವರು, ಪೂರ್ವಜರಲ್ಲಿ ಭಾರತೀಯರೂ ಇದ್ದರು. ಇದು ಎಷ್ಟೋ ಜನಕ್ಕೆ ಗೊತ್ತಿಲ್ಲ. 1957ರಲ್ಲಿ ಯೂನಿವರ್ಸಲ್ ಕಂಪನಿಯ ಇಂಥ 52 ಹಳೆಯ ಚಿತ್ರಗಳು ಒಂದೇ ಗಂಟಾಗಿ ಟಿವಿಗೆ ಬಂದವು. ಊರೂರಿನ ಟಿವಿ ಕೇಂದ್ರಗಳು ದೆವ್ವದ ವೇಷದ ನಿರೂಪಕರನ್ನು ಕೂರಿಸಿ ತೋರಿಸಿದವು. ಆ ಪರಂಪರೆಯ ಸ್ವೆನ್‌ಗೂಲಿ ಶಿಕಾಗೋದವನು. ಶನಿವಾರ ರಾತ್ರಿ ಮೀಟಿವಿ ಚಾನೆಲ್ಲಿನಲ್ಲಿ ಶವಪೆಟ್ಟಿಗೆ ಪಕ್ಕ ನಿಂತು ನಮ್ಮನ್ನು ಸ್ವಾಗತಿಸುತ್ತಾನೆ.

ಎರಡು ವರ್ಷದ ಹಿಂದೆ, ಯುಎಸ್‌ಸಿ ಆಟದ ದಿನ, ಟ್ರಾಯ್ ಕತೆ ಹೇಳುತ್ತಿದ್ದೆ. ಗ್ರೀಕರು ಒಳಗೆ ಸೈನಿಕರನ್ನು ಅಡಗಿಸಿದ ಮರದ ಕುದುರೆ ಬಿಟ್ಟು ಹೋದರು, ಟ್ರಾಯ್ ಜನ ಅದನ್ನು ಊರೊಳಗೆ ಎಳೆದುಕೊಂಡರು. ಮಗಳು ತಡೆದು ಕೇಳಿದಳು, "ಅಪ್ಪಾ, ಹಾಗಾದ್ರೆ ಒಳಗೆ ಕರೆದದ್ದು ಅವರೇ ಅಲ್ವಾ? ಡ್ರಾಕುಲಾ ಥರ?"

ನಾನು ಸುಮ್ಮನೆ ಕೂತುಬಿಟ್ಟೆ. ಮನೆಯವರು ಒಳಗೆ ಬಾ ಅನ್ನುವ ತನಕ ಡ್ರಾಕುಲಾ ಹೊಸ್ತಿಲು ದಾಟುವಂತಿಲ್ಲ. ಅದನ್ನು ಅವಳಿಗೆ ಹೇಳಿದ್ದು ನಾನೇ, ಆದರೆ ಟ್ರಾಯ್ ಜೊತೆ ಇಟ್ಟು ನೋಡಿರಲಿಲ್ಲ. ಆಗ ನೆನಪಾದದ್ದು ನಮ್ಮ 'ನಾಳೆ ಬಾ'. 90ರ ದಶಕದಲ್ಲಿ ಬೆಂಗಳೂರಿನಲ್ಲಿ, ಹಳ್ಳಿಗಳಲ್ಲಿ ಬಾಗಿಲ ಮೇಲೆ ಹಾಗೆ ಬರೆದಿರುತ್ತಿದ್ದರು. ರಾತ್ರಿ ದೆವ್ವ ಬಂದು ನಮ್ಮವರದೇ ದನಿಯಲ್ಲಿ ಕರೆಯುತ್ತದೆ, ತೆರೆದರೆ ಕತೆ ಮುಗಿಯಿತು. ಬರಹ ಓದಿದರೆ ತಿರುಗಿ ಹೋಗುತ್ತದೆ, ನಾಳೆ ಮತ್ತೆ ಬರುತ್ತದೆ, ಮತ್ತೆ ಓದುತ್ತದೆ. ಅದನ್ನೂ ಹೇಳಿದೆ. ಅಷ್ಟರಲ್ಲಿ ಆಟ ಮತ್ತೆ ಶುರುವಾಯಿತು. ಯುಎಸ್‌ಸಿ ಕೊನೆಯ ಗೆರೆಗೆ ಒಂದೇ ಗಜ ದೂರಕ್ಕೆ ಬಂದು ನಿಂತಾಗ ಮಕ್ಕಳೆಲ್ಲ ಟಿವಿ ಮುಂದೆ ಎದ್ದು ನಿಂತು "ನಾಳೆ ಬಾ, ನಾಳೆ ಬಾ" ಎಂದು ಕೂಗಿದರು. ಆ ಕೂಗು ಈಗ ನಮ್ಮ ಮನೆಯಲ್ಲಿ ಖಾಯಂ.

ಹೋದ ನವೆಂಬರಿನಲ್ಲಿ ಕ್ರೀಡಾಂಗಣದಲ್ಲೇ ಆಟ ನೋಡಿ, ವಾಪಸಾಗುವಾಗ ಮಗಳನ್ನು ವಾಷಿಂಗ್ಟನ್ ಹಾಲ್ ಹತ್ತಿರ ಕರೆದೊಯ್ದೆ. ಹಳೆಯ ನಾಟಕಶಾಲೆ ಅದು. ಅಲ್ಲಿ ಜಾರ್ಜ್ ಗಿಪ್ ಎಂಬ ಆಟಗಾರನ ದೆವ್ವ ಇದೆ ಎಂದು ಕ್ಯಾಂಪಸ್ಸಿನವರು ಹೇಳುತ್ತಾರೆ. ಗಂಟಲಿನ ಸೋಂಕು, ನ್ಯುಮೋನಿಯಾದಿಂದ 1920ರ ಡಿಸೆಂಬರ್ 14ರಂದು ಅವನು ತೀರಿಕೊಂಡ. ಆಗಿನ್ನೂ 25 ವರ್ಷ. ಹಾಸ್ಟೆಲಿಗೆ ತಡವಾಗಿ ಬಂದಾಗ ಬಾಗಿಲು ಹಾಕಿತ್ತು, ಈ ಮೆಟ್ಟಿಲ ಮೇಲೆ ಚಳಿಯಲ್ಲೇ ಮಲಗಿದ, ಅದರಿಂದಲೇ ಕಾಯಿಲೆ ಬಂತು ಎನ್ನುವುದು ಕತೆ.

ಅವಳು ಮೆಟ್ಟಿಲ ಮೇಲೆ ಕೂತೇ ಕೇಳಿದಳು. "ಇವನಿಗೆ ಯಾರೂ ಬಾ ಅನ್ನಲೇ ಇಲ್ವಾ?" ಅಂದಳು. ಇಲ್ಲ ಅಂದೆ. ಸ್ವಲ್ಪ ಹೊತ್ತು ಮುಚ್ಚಿದ ಬಾಗಿಲನ್ನೇ ನೋಡಿದಳು. ಆಮೇಲೆ ಜೇಬಿನಿಂದ ಟೋಪಿ ತೆಗೆದು ಹಾಕಿಕೊಂಡು ನನ್ನ ಕೈ ಹಿಡಿದಳು.