ಕೋಡಿ ನಿಂತ ಮೇಲೆ ಬಿತ್ತನೆ: ನನ್ನ ಅನುಭವ

ಮಳೆ ಹಿಡಿದು ಕೆರೆಗೆ ಹೊಸ ನೀರು ಬಂದ ಕೂಡಲೇ ಮೀನಿನ ಮರಿ ಬಿಡುವುದು ನಮ್ಮಲ್ಲಿ ಎಲ್ಲರೂ ಪಾಲಿಸುವ ಪದ್ಧತಿ. ಹಾನಗಲ್ ತಾಲ್ಲೂಕಿನಲ್ಲಿ ನಾನು ಗುತ್ತಿಗೆ ಹಿಡಿದಿರುವ ಸುಮಾರು 40 ಎಕರೆಯ ಕೆರೆಗೆ ಕೋಡಿ ನಿಂತ ಮೇಲೆ (ತುಂಬಿದ ಕೆರೆಯಿಂದ ನೀರು ಹೊರಹರಿಯುವುದು ನಿಂತ ಮೇಲೆ), ಅಂದರೆ ಅಕ್ಟೋಬರ್ ಕೊನೆಗೆ ಮರಿ ಬಿಡುತ್ತೇನೆಂದಾಗ, "ಬೆಳೆಯುವ ನಾಲ್ಕು ತಿಂಗಳು ಕಳಕೊಂಡು ಏನು ಗಳಿಸ್ತೀರಿ?" ಎಂದು ಸೊಸೈಟಿಯ ಹಿರಿಯರು ಕೇಳಿದ್ದರು. ಈಗ ಮೂರು ಹಂಗಾಮಿನ ಲೆಕ್ಕ ನನ್ನ ಕೈಯಲ್ಲಿದೆ.

ಕೆರೆಯ ಆದಾಯದಲ್ಲಿ ಅರ್ಧಕ್ಕಿಂತ ಹೆಚ್ಚು ಬರುವುದು ಹುಬ್ಬಳ್ಳಿ-ಧಾರವಾಡದಿಂದ ಭಾನುವಾರ ಗಾಳ ಹಾಕಲು ಬರುವವರಿಂದ. ಅವರಿಗೆ ಬೇಕಾದದ್ದು ದಾರ ಜಗ್ಗುವ ದೊಡ್ಡ ಕಾಟ್ಲಾ. ಆದರೆ ಕಾಟ್ಲಾ ಗಂಗಾ ಬಯಲಿನ ಮೀನು. ನಮ್ಮ ಕೋಡಿಯ ನೀರು, ಅದರ ಜೊತೆ ತಪ್ಪಿಸಿಕೊಂಡ ಮರಿಯೂ, ಹಳ್ಳ ಸೇರಿ, ಹಳ್ಳ ವರದಾ ಸೇರಿ, ಗಳಗನಾಥದ ಬಳಿ ತುಂಗಭದ್ರೆಗೆ ಹೋಗುತ್ತದೆ. ಒಂದು ಕಾಲಕ್ಕೆ ಅಲ್ಲಿ ಬಲೆ ತುಂಬ ಸಿಗುತ್ತಿದ್ದ, ಹುಲ್ಲು ಮೇಯುವ ಹರಗಿ ಮೀನನ್ನು ಇಂದಿನ ಹುಡುಗರು ಕಂಡೇ ಇಲ್ಲ. ಹೊರಗಿನ ಮೀನು ನದಿಗಿಳಿದರೆ ಏನಾಗುತ್ತದೆ ಎಂಬುದಕ್ಕೆ ಕಾವೇರಿಯೇ ಸಾಕ್ಷಿ: 1970ರ ದಶಕದಿಂದ ಲೋನಾವಳದಲ್ಲಿ ಮರಿ ಮಾಡಿದ ನೀಲಿ ರೆಕ್ಕೆಯ ಮಹಶೀರನ್ನು ಅಲ್ಲಿಗೆ ಬಿಟ್ಟರು, ಇಂದು ಅಲ್ಲಿಯದೇ ಆದ ಡುಬ್ಬದ ಮಹಶೀರ್ ಅಳಿವಿನ ಅಂಚಿನಲ್ಲಿದೆ. ಆ ನೀಲಿ ರೆಕ್ಕೆಯದು ನಮ್ಮ ಕೃಷ್ಣಾ ಕಣಿವೆಗೆ ಮನೆಯ ಮೀನು, ಕಾವೇರಿಗೆ ಮಾತ್ರ ಪರಕೀಯ. ಆದ್ದರಿಂದ ಯಾವ ಮೀನು ಒಳ್ಳೆಯದು ಎಂದು ಕೇಳುವ ಮೊದಲು ಯಾವ ನೀರಿಗೆ ಎಂದು ಕೇಳಬೇಕೆಂಬುದು ನನ್ನ ಗಟ್ಟಿ ಅಭಿಪ್ರಾಯ.

ಗುತ್ತಿಗೆಯ ಮೊದಲ ವರ್ಷ ಎಲ್ಲರಂತೆ ಮಳೆಯ ಹೊತ್ತಿಗೇ ಮರಿ ಬಿಟ್ಟು, ಕೋಡಿಗೆ ನೈಲಾನ್ ಬಲೆ ಕಟ್ಟಿದೆ. ಆಗಸ್ಟ್‌ನಲ್ಲಿ ಅಂತರಗಂಗೆ ಬಂದು ಬಲೆಗೆ ಮೆತ್ತಿಕೊಂಡಿತು, ನೀರು ಏರಿತು, ಕೆರೆಯ ಏರಿ ಒಡೆದೀತೆಂಬ ಭಯದಿಂದ ಕೆಳಗಿನ ಹೊಲದವರು ರಾತ್ರಿಯೇ ಬಲೆ ಕೊಯ್ದರು. ಅವರದು ತಪ್ಪೆಂದು ನಾನು ಹೇಳಲಾರೆ. ಸುಮಾರು 20,000 ಮರಿಗಳಲ್ಲಿ ಎಷ್ಟು ಉಳಿದವೋ ತಿಳಿಯದು. ಮರಿ, ಬಲೆ, ಕೂಲಿ ಸೇರಿ 60 ಸಾವಿರದಷ್ಟು ಹೋಯಿತು. ಎರಡನೆಯ ವರ್ಷ ದುಡ್ಡು ಉಳಿಸಲು ಲಾರಿಯಲ್ಲಿ ಬಂದ ಅಗ್ಗದ ಮರಿ ಕೊಂಡೆ. ಬಿಳಿ ಬೋಗುಣಿಯಲ್ಲಿ ಒಂದು ಹಿಡಿ ಸುರಿದು ನೋಡಿದಾಗ ಕೆಲವು ಮರಿಗಳ ಬೆನ್ನಿನ ರೆಕ್ಕೆಯ ಹಿಂಭಾಗದಲ್ಲಿ ಕಪ್ಪು ಬೊಟ್ಟು ಕಂಡಿತು. ಅದು ಜಿಲೇಬಿ (ತಿಲಾಪಿಯಾ) ಮೀನಿನ ಗುರುತು. ನಿಂತ ನೀರಿನಲ್ಲಿ ಕಾಟ್ಲಾ ಮರಿ ಮಾಡುವುದಿಲ್ಲ, ಜಿಲೇಬಿಯಾದರೋ ಬಿಡುವಿಲ್ಲದೆ ಮಾಡುತ್ತದೆ. ಅಷ್ಟನ್ನೂ ದಡದ ಮೇಲೆಯೇ ಚೆಲ್ಲಿದೆ. ಅಂದಿನಿಂದ ಬೋಗುಣಿಯಲ್ಲಿ ನೋಡದೆ ಒಂದು ಮರಿಯನ್ನೂ ನೀರಿಗಿಳಿಸಿಲ್ಲ.

ಆಮೇಲೆ ಹೊಳೆದದ್ದು ಇಷ್ಟೇ: ಸಣ್ಣ ಮರಿಗೆ ಸಣ್ಣ ಕಣ್ಣಿನ ತಡೆ ಬೇಕು, ಸಣ್ಣ ಕಣ್ಣಿನ ತಡೆ ಕಟ್ಟಿಕೊಳ್ಳುತ್ತದೆ. ಮರಿಯನ್ನೇ ದೊಡ್ಡದು ಮಾಡಿದರೆ ತಡೆಯ ಕಣ್ಣನ್ನೂ ದೊಡ್ಡದು ಮಾಡಬಹುದು. ಹೊಲದ ಹತ್ತು ಗುಂಟೆಯ ಹೊಂಡದಲ್ಲಿ ಮರಿಗಳನ್ನು ಒತ್ತೊತ್ತಾಗಿ, ಅರೆಹೊಟ್ಟೆಯಲ್ಲಿ ಒಂದು ವರ್ಷಕ್ಕಿಂತ ಹೆಚ್ಚು ಇಟ್ಟೆ. ಹೀಗೆ ಕುಗ್ಗಿಸಿದ ಮರಿ ದೊಡ್ಡ ನೀರಿಗೆ, ಹೊಟ್ಟೆ ತುಂಬ ಮೇವಿಗೆ ಬಿದ್ದ ಮೇಲೆ ಬಲು ಬೇಗ ಬೆಳೆಯುತ್ತದೆ. ಆ ಅರೆಹೊಟ್ಟೆಯ ಮೇವಿನ ಪಾಕವನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ, ಅದಕ್ಕೆ ನಾನು ಎರಡು ವರ್ಷ ತೆತ್ತಿದ್ದೇನೆ. ಗೇಣುದ್ದಕ್ಕೆ ಹತ್ತಿರ ಬಂದ ಸುಮಾರು 6,000 ಮೀನನ್ನು ಅಕ್ಟೋಬರ್ ಕೊನೆಗೆ ಕೆರೆಗೆ ಬಿಟ್ಟೆ. ಮೇ ತಿಂಗಳಿಗೆ ಮುಕ್ಕಾಲು ಕೆ.ಜಿ. ದಾಟಿದ್ದವು.

ಬೇಸಿಗೆಯಲ್ಲಿ ಕೋಡಿಗೆ ಎರಡು ಬೆರಳು ತೂರದಷ್ಟು ಸಂದು ಬಿಟ್ಟು ಕಬ್ಬಿಣದ ಸರಳುಗಳನ್ನು, ಮೇಲ್ತುದಿ ಹಳ್ಳದ ಕಡೆಗೆ ವಾಲುವಂತೆ ಕೂಡಿಸಿದೆ. ಮುಂದೆ ಬಿದಿರಿನ ತೇಲುಸಾಲನ್ನು ಓರೆಯಾಗಿ ಕಟ್ಟಿದ್ದರಿಂದ ಕಳೆಯೆಲ್ಲ ದಡಕ್ಕೆ ಬಂದು ಸೇರುತ್ತದೆ. ಇಬ್ಬರು ಆಳುಗಳು ಬೆಳಿಗ್ಗೆ ಒಮ್ಮೆ ಎಳೆದರೆ ಸಾಕು. ಎಲ್ಲ ಸೇರಿ 70 ಸಾವಿರದ ಆಸುಪಾಸು ಬಿತ್ತು. ಒಬ್ಬರಿಗೆ ದಿನಕ್ಕೆ 300 ರೂಪಾಯಿಯಂತೆ ಬಂದ ಗಾಳದ ಶುಲ್ಕದಲ್ಲಿ ಅದು ಎರಡನೆಯ ಬೇಸಿಗೆಗೇ ತೀರಿತು.

ನಡುವೆ ಹರಗಿಯ ಮರಿ ಮಾಡಿಸುವ ಆಸೆಯೂ ಹುಟ್ಟಿತು. ಬಲೆಗಾರರು ಜೀವಂತ ತಂದುಕೊಟ್ಟ ಎರಡು ಜೋಡಿಯನ್ನು ಸಿಮೆಂಟಿನ ತೊಟ್ಟಿಯಲ್ಲಿ ಗರಿಕೆ ಹಾಕಿ ಸಾಕಿ, ತತ್ತಿ ಇಡಿಸುವ ಹಾರ್ಮೋನಿನ ಸೂಜಿ ಕೊಟ್ಟೆ. ತತ್ತಿಯೇನೋ ಬಂತು, ಎರಡನೆಯ ದಿನವೇ ಎಲ್ಲವೂ ಹತ್ತಿಯಂತೆ ಬಿಳಿಯ ಬೂಸ್ಟು ಹಿಡಿದವು. ತಾಯ್ಮೀನುಗಳನ್ನು ಹಿಡಿದ ಮಡುವಿಗೇ ಬಿಟ್ಟು ಬಂದೆ. ಅದರ ಬದಲು, ಮೊದಲ ನೆರೆಗೆ ಹಳ್ಳ ಏರಿ ಬರುವ ತತ್ತಿ ತುಂಬಿದ ಮೀನಿಗೆ ಕೂಳಿ (ಮೀನು ಹಿಡಿಯುವ ಬಿದಿರಿನ ಬುಟ್ಟಿ) ಹಾಕದಂತೆ ಊರ ಹುಡುಗರನ್ನು ಒಪ್ಪಿಸಿದೆ. ಅವರಿಗೆ ಆ ಮೂರು ವಾರ ಕೆರೆಯಲ್ಲಿ ಗಾಳ ಪುಕ್ಕಟೆ.

ಪ್ರತಿ ಮಾರ್ಚಿನಲ್ಲಿ ಕೋಡಿಯ ಕೆಳಗಿನ ಮಡುವಿನಲ್ಲಿ ಬೀಸುಬಲೆ ಹಾಕಿ, ಎಣಿಸಿ ವಾಪಸು ಬಿಡುತ್ತೇನೆ. ಮೊದಲ ಸಲ ಬಂದ ಹತ್ತು ಮೀನಿನಲ್ಲಿ ಆರೇಳು ಕಾಟ್ಲಾ ಮತ್ತು ಜಿಲೇಬಿ ಇದ್ದವು. ಈ ಮಾರ್ಚಿನಲ್ಲಿ ಹತ್ತು ಬೀಸಿಗೆ ಒಂದೂ ಕಾಟ್ಲಾ ಬರಲಿಲ್ಲ. ಜಿಲೇಬಿ ನಾಲ್ಕೈದು ಬಂದವು, ನಮ್ಮ ನದಿಯದೇ ಆದ ಕೆಮ್ಮೀನಿನ ಮರಿ ಅಂಗೈ ತುಂಬ ಬಂದವು. ಹರಗಿ ಇನ್ನೂ ಬಂದಿಲ್ಲ.