ಹಿಪ್ಪುನೇರಳೆಯ ಹಿಟ್ಟು ತಿಗಣೆಗೆ ಗುಲಗಂಜಿ ಹುಳು: ನನ್ನ ಅನುಭವ

ಶಿರಸಿ ಕಡೆ ಹಿತ್ತಲಲ್ಲಿ ಹಣ್ಣಿಗಂತ ಹಿಪ್ಪುನೇರಳೆ ಬೆಳೆಸಿದವರಿಗೆ ಬೇಸಿಗೆಯ ಹಿಟ್ಟು ತಿಗಣೆ ಕಾಟ ಗೊತ್ತೇ ಇರುತ್ತದೆ. ಚಿಗುರು ಮುರುಟುತ್ತದೆ, ಹಣ್ಣಿನ ಮೇಲೆಲ್ಲ ಬಿಳಿ ಹಿಟ್ಟು. ಮಕ್ಕಳು ಗಿಡದಿಂದಲೇ ಕಿತ್ತು ತಿನ್ನುವ ಹಣ್ಣಿಗೆ ವಿಷ ಹೊಡೆಯಲು ನನಗೆ ಮನಸ್ಸಿರಲಿಲ್ಲ. ಹಾಗಾಗಿ ಈ ತಿಗಣೆಯನ್ನು ತಿನ್ನುವ ಕ್ರಿಪ್ಟೋಲೀಮಸ್ ಅನ್ನುವ ಗುಲಗಂಜಿ ಹುಳು ತರಿಸಿ ಗಿಡಕ್ಕೆ ಬಿಟ್ಟೆ. ಆಸ್ಟ್ರೇಲಿಯಾ ಮೂಲದ ಈ ಹುಳುವನ್ನು ಭಾರತಕ್ಕೆ ಮೊದಲು ತಂದಿದ್ದು 1898ರಲ್ಲಿ. ಮೈ ಕಪ್ಪು, ತಲೆ ಕಿತ್ತಳೆ.

ಬಿಡುವ ಮೊದಲು ಇರುವೆ ತಡೆಯಬೇಕು, ಇದೇ ಮುಖ್ಯ. ತಿಗಣೆ ಸುರಿಸುವ ಸಿಹಿ ಅಂಟಿಗಾಗಿ ಇರುವೆಗಳು ಅದನ್ನು ಕಾಯುತ್ತವೆ, ಗುಲಗಂಜಿ ಹುಳು ಹತ್ತಿರ ಬಂದರೆ ಓಡಿಸುತ್ತವೆ. ಕಾಂಡಕ್ಕೆ ಪ್ಲಾಸ್ಟಿಕ್ ಪಟ್ಟಿ ಸುತ್ತಿ ಮೇಲೆ ಗ್ರೀಸ್ ಹಚ್ಚಿದೆ, ಪಕ್ಕದ ಬೇಲಿಗೆ ತಾಗುವ ಕೊಂಬೆ ಕಡಿದೆ, ತೀರಾ ಮುರುಟಿದ ಚಿಗುರು ಕತ್ತರಿಸಿ ಸುಟ್ಟೆ. ಆಮೇಲೆ ಬಿಸಿಲು ಇಳಿದ ಹೊತ್ತಲ್ಲಿ ಹುಳು ಬಿಟ್ಟೆ.

ಇನ್ನೊಂದು ವಿಷಯ ದಯವಿಟ್ಟು ನೆನಪಿಡಿ. ಇದರ ಮರಿಯ ಮೈಮೇಲೂ ಬಿಳಿ ಮೇಣದ ಎಳೆಗಳಿರುತ್ತವೆ, ನೋಡಲು ಥೇಟ್ ಹಿಟ್ಟು ತಿಗಣೆಯೇ, ಹಾಗಾಗಿ ಎಷ್ಟೋ ಜನ ಅದನ್ನೇ ಕೀಟ ಅಂದುಕೊಂಡು ಹೊಸಕಿ ಹಾಕುತ್ತಾರೆ. ತಿಗಣೆಗಿಂತ ದೊಡ್ಡದಾಗಿ, ಚುರುಕಾಗಿ ಓಡಾಡುತ್ತಿದ್ದರೆ ಅದು ನಮ್ಮ ಹುಳದ ಮರಿ. ಜಾಸ್ತಿ ತಿನ್ನುವುದೂ ಅದೇ, ಬಿಟ್ಟುಬಿಡಿ.

ಈಗ ಹೊಸ ಚಿಗುರು ನೆಟ್ಟಗೆ ಬರುತ್ತಿದೆ. ಅಲ್ಲಲ್ಲಿ ಒಂದಿಷ್ಟು ತಿಗಣೆ ಉಳಿದಿವೆ. ಇರಲಿ, ಪೂರ್ತಿ ಖಾಲಿಯಾದರೆ ಈ ಹುಳುಗಳೂ ಊಟ ಹುಡುಕಿ ಬೇರೆ ಕಡೆ ಹೋಗುತ್ತವೆ ಅಲ್ವಾ.