ಆಟಿಸಂ ಮಗುವಿನ ಹೆರಿಗೆ ವಿವರ: ಬುದ್ಧಿಮಟ್ಟ ಅಳೆಯುವ ಮೊದಲು ನಾನು ಕೇಳುವುದು

"ಹೆರಿಗೆ ನಾರ್ಮಲ್ಲಾ?" ಎಂದು ನಾನು ಕೇಳುವುದಿಲ್ಲ. ನಮ್ಮಲ್ಲಿ ನಾರ್ಮಲ್ ಎಂದರೆ ಸಿಸೇರಿಯನ್ ಆಗಿಲ್ಲ, ಅಷ್ಟೆ. ಮಗು ಹತ್ತು ದಿನ ಆಸ್ಪತ್ರೆಯ ಬೆಚ್ಚಗಿಡುವ ಪೆಟ್ಟಿಗೆಯಲ್ಲಿದ್ದರೂ "ಹೌದು ಮೇಡಂ, ನಾರ್ಮಲ್" ಎಂದೇ ಉತ್ತರ ಬರುತ್ತದೆ. ಹಾಗಾಗಿ ಬಿಡಿಬಿಡಿಯಾಗಿ ಕೇಳುತ್ತೇನೆ: ಎಷ್ಟು ವಾರಕ್ಕೆ ಹುಟ್ಟಿತು, ತೂಕ ಎಷ್ಟು, ತಕ್ಷಣ ಅತ್ತಿತೇ, ಹಾಲು ಚೀಪುತ್ತಿತ್ತೇ, ಕಾಮಾಲೆಗೆಂದು ಲೈಟಿನಡಿ ಇಟ್ಟಿದ್ದರೇ, ಫಿಟ್ಸ್ ಬಂದಿತ್ತೇ. ನೆನಪಿಗಿಂತ ತಾಯಿ ಕಾರ್ಡ್ ಮತ್ತು ಡಿಸ್ಚಾರ್ಜ್ ಕಾಗದ ಮೇಲು. ಚೊಚ್ಚಲ ಹೆರಿಗೆಯದಾದರೆ ಅವು ಎಷ್ಟೋ ಸಲ ತವರುಮನೆಯ ಬೀರುವಿನಲ್ಲಿರುತ್ತವೆ. ಅಜ್ಜಿಯಿಂದ ವಾಟ್ಸ್ಯಾಪ್‌ನಲ್ಲಿ ಫೋಟೊ ತರಿಸಿಕೊಳ್ಳಿ.

ಆಟಿಸಂ ಯಾಕೆ ಬಂತು ಎಂದು ಹೇಳಲಿಕ್ಕೆ ಇದಲ್ಲ. ಅದರಲ್ಲಿ ವಂಶವಾಹಿಗಳ ಪಾಲು ದೊಡ್ಡದು. ದಿನ ತುಂಬದೆ ಹುಟ್ಟಿದ, ತೂಕ ಕಡಿಮೆಯಿದ್ದ ಮಕ್ಕಳಲ್ಲಿ ಆಟಿಸಂ ಹೆಚ್ಚು ಕಾಣುತ್ತದೆ ನಿಜ, ಆದರೆ ಎದುರು ಕೂತ ಮಗುವಿಗೆ ಇದರಿಂದಲೇ ಬಂತು ಎನ್ನಲು ಬರುವುದಿಲ್ಲ. ಬುದ್ಧಿಮಟ್ಟದ ಅಂಕವನ್ನು ನಂಬುವ ಮುಂಚೆ ಇನ್ನೇನು ಪರೀಕ್ಷೆ ಆಗಬೇಕು ಎನ್ನುವುದಕ್ಕೆ ಈ ವಿವರ ಬೇಕು.

ಮೊದಲು ಕಿವಿ. ರಕ್ತ ಬದಲಾಯಿಸುವಷ್ಟು ಕಾಮಾಲೆ ಏರಿತ್ತು ಎಂದಾದರೆ ಒಎಇ (ಕಿವಿಗೆ ಸದ್ದು ಹಾಕಿ ಒಳಗಿವಿಯ ಮರುದನಿ ಅಳೆಯುವ ಪರೀಕ್ಷೆ) ಒಂದನ್ನೇ ನೋಡಿ ಕಿವಿ ಸರಿಯಿದೆ ಎನ್ನಬಾರದು. ಒಎಇ ತೋರಿಸುವುದು ಒಳಗಿವಿಯ ಹೊರ ರೋಮಕೋಶಗಳನ್ನು. ಕಾಮಾಲೆಯ ಪೆಟ್ಟು ಬೀಳುವುದು ಹೆಚ್ಚಾಗಿ ಅಲ್ಲಿಂದಾಚೆಯ ನರದ ಹಾದಿಗೆ. ಅದಕ್ಕೆ ಬೆರಾ, ಅಂದರೆ ಸದ್ದಿಗೆ ಕಿವಿಯ ನರ ಮತ್ತು ಮಿದುಳುಕಾಂಡ ಹೇಗೆ ಸ್ಪಂದಿಸುತ್ತವೆ ಎಂದು ನೋಡುವ ಪರೀಕ್ಷೆ, ಮಾಡಿಸಬೇಕು. ಹಾಗೆಯೇ, ಹುಟ್ಟಿದ ದಿನಗಳಲ್ಲಿ ಸಕ್ಕರೆ ತೀರಾ ಇಳಿದಿದ್ದರೆ ಮಿದುಳಿನ ಹಿಂಭಾಗಕ್ಕೆ ಏಟಾಗಿರಬಹುದು. ಕಣ್ಣುಗುಡ್ಡೆ ಚೆನ್ನಾಗಿದ್ದರೂ ನೋಟ ನಿಲ್ಲುವುದಿಲ್ಲ, ಮನೆಯವರು "ಮುಖ ನೋಡಲ್ಲ" ಎನ್ನುತ್ತಾರೆ. ಅಳು ತಡವಾಯಿತು ಎಂಬ ಮಾತೊಂದರಿಂದ ಮಾತ್ರ ಏನೂ ತೀರ್ಮಾನವಾಗದು; 5ನೇ ನಿಮಿಷದ ಎಪ್ಗಾರ್ (ಹುಟ್ಟಿದ ಮಗುವಿನ ಉಸಿರು, ಎದೆಬಡಿತ, ಬಣ್ಣ ಮುಂತಾದವಕ್ಕೆ ಹತ್ತಕ್ಕೆ ಕೊಡುವ ಅಂಕ), ಮೊದಲ ಮೂರು ದಿನಗಳ ಫಿಟ್ಸ್, ಚೀಪುವ ಬಲ ಮೂರನ್ನೂ ಸೇರಿಸಿ ನೋಡಬೇಕು.

ವಯಸ್ಸಿನ ಲೆಕ್ಕದಲ್ಲಿ ತಪ್ಪುವವರು ಬಹಳ. 28 ವಾರಕ್ಕೆ ಹುಟ್ಟಿದ ಮಗುವಿಗೆ ಈಗ 20 ತಿಂಗಳು ಎನ್ನಿ. ದಿನ ತುಂಬುವ 40 ವಾರಕ್ಕೆ 12 ವಾರ ಕಡಿಮೆ; ಅಷ್ಟನ್ನು ಕಳೆದರೆ ತಿದ್ದಿದ ವಯಸ್ಸು ಸುಮಾರು 17 ತಿಂಗಳು. ಬೆಳವಣಿಗೆಯ ಮಟ್ಟವನ್ನು ವಯಸ್ಸಿನಿಂದ ಭಾಗಿಸಿ ನೂರರಿಂದ ಗುಣಿಸಿದರೆ ಅಂಕ. ಬೆಳವಣಿಗೆ 12 ತಿಂಗಳ ಮಟ್ಟದಲ್ಲಿದ್ದರೆ ತಿದ್ದದೆ ಬರುವ ಅಂಕ 60, ತಿದ್ದಿದರೆ 70. ಎರಡು ವರ್ಷ ತುಂಬುವವರೆಗೆ ಹೀಗೆ ಕಳೆಯುವುದು ರೂಢಿ.

ಮೂರು ವರ್ಷ ದಾಟಿ ಮಾತಿಲ್ಲದ ಮಗುವಿಗೆ ಮಾತು ಬೇಡದ ಬುದ್ಧಿಮಟ್ಟದ ಪರೀಕ್ಷೆಯಾದ ಸೆಗ್ವಿನ್ ಫಾರ್ಮ್ ಬೋರ್ಡ್ ಇಡುತ್ತೇನೆ. ಮರದ ಹತ್ತು ಆಕಾರಗಳು, ಹಲಗೆಯ ಗುಳಿಗಳಲ್ಲಿ ಮೂರು ಸಲ ಜೋಡಿಸಬೇಕು, ಅತಿ ಕಡಿಮೆ ಸಮಯವೇ ಲೆಕ್ಕ. ತೊಂದರೆ ಎಲ್ಲಿ ಎಂದರೆ, ದುಂಡನೆಯ ತುಂಡು ಕೈಗೆ ಸಿಕ್ಕಿದ್ದೇ ಮಗು ಅದನ್ನು ನೆಲದ ಮೇಲೆ ಬುಗುರಿ ಮಾಡುತ್ತದೆ, ಗಡಿಯಾರ ಓಡುತ್ತಲೇ ಇರುತ್ತದೆ. ದಿನ ತುಂಬದೆ ಹುಟ್ಟಿ ಕೈ ಬಿಗಿಯಿರುವ ಮಗುವಿಗೆ ಇನ್ನೊಂದು ಕಷ್ಟ: ಜಾಗ ಗೊತ್ತು, ತುಂಡು ಗುಳಿಯೊಳಗೆ ಇಳಿಯುವುದಿಲ್ಲ. ಸಮಯ ಎರಡಕ್ಕೂ ಒಂದೇ ಬರಬಹುದು. ಅದಕ್ಕೇ ಸೆಕೆಂಡುಗಳ ಪಕ್ಕದಲ್ಲಿ ಕೈ ಏನು ಮಾಡಿತು ಎಂದೂ ಗುರುತು ಹಾಕುತ್ತೇನೆ. ವೈನ್‌ಲ್ಯಾಂಡ್ ಎಂಬ ಇನ್ನೊಂದು ಮಾಪನದ ಅಂಕವನ್ನು ಐಕ್ಯೂ ಎಂದು ಬರೆಯುವ ಅಭ್ಯಾಸ ನನಗೆ ಸೇರದು. ಅದು ದಿನನಿತ್ಯದ ಕೆಲಸಗಳ ಅಳತೆ, ಅದೂ ಮನೆಯವರ ಬಾಯಿಂದ ಬಂದದ್ದು.

ವರದಿಯಲ್ಲಿ ಹೆರಿಗೆಯ ವಿವರಕ್ಕೂ ಅಂಕಕ್ಕೂ ನಡುವೆ "ಇದರಿಂದಾಗಿ" ಎಂಬ ಪದ ಹಾಕುವುದಿಲ್ಲ. ಅದನ್ನು ಓದಿದ ಮನೆಯಲ್ಲಿ ತಾಯಿಯ ತಲೆಗೇ ಕಟ್ಟುತ್ತಾರೆ. ಬೆರಾ, ಕಣ್ಣಿನ ವರದಿ ಬರುವ ತನಕ ಅಂಕದ ಎದುರು "ತಾತ್ಕಾಲಿಕ" ಎಂದೇ ಇರುತ್ತದೆ.